ಕೊಡಗಿನ ಮಳೆಯನ್ನು ಕಾಗದದ ಮೇಲೆ ಸುರಿಸುವುದು ಹೇಗೆ? ಜಪಾನಿನ ಟಿವಿ ಅನಿಮೇಷನ್ ಲೆಕ್ಕ

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. ಜಪಾನಿನ ಟಿವಿ ಅನಿಮೇಷನ್‌ನಲ್ಲಿ ಅಷ್ಟೂ ಬಿಡಿಸುವುದಿಲ್ಲ. ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಮೂರು ಫ್ರೇಮು ನಿಲ್ಲಿಸಿ, ಸೆಕೆಂಡಿಗೆ 8 ಚಿತ್ರದಲ್ಲಿ ಕೆಲಸ ಮುಗಿಸುತ್ತಾರೆ. 1963ರಲ್ಲಿ ‘ಆಸ್ಟ್ರೋ ಬಾಯ್’ ಕಾರ್ಟೂನಿನ ಸೃಷ್ಟಿಕರ್ತ ಒಸಾಮು ತೆಜುಕಾ ಅರ್ಧ ಗಂಟೆಯ ಕಂತನ್ನು ವಾರವಾರವೂ ಕೊಡಬೇಕಾಗಿ ಬಂದಾಗ ಬೇರೂರಿದ ಪದ್ಧತಿ ಇದು. ಹೆಂಚಿನ ಮನೆ, ಹಿಂದೆ ಕಾಫಿ ತೋಟ, ಜೋರು ಮಳೆ: ಮನೆಯಲ್ಲೇ ಮಾಡುವ 5 ಸೆಕೆಂಡಿನ ದೃಶ್ಯಕ್ಕೂ ಇದೇ ಲೆಕ್ಕ ಸಾಕು.

ಹಿನ್ನೆಲೆ ಒಂದೇ ಒಂದು ಬಣ್ಣದ ಚಿತ್ರ. ಮಳೆಯನ್ನು ಬೇರೆಯಾಗಿ, ಕಪ್ಪು ಕಾಗದದ 8 ಹಾಳೆಗಳ ಮೇಲೆ ಬಿಳಿ ಪೆನ್ಸಿಲಿನಲ್ಲಿ ಎಳೆಯಿರಿ. ಎಡಿಟಿಂಗ್‌ನಲ್ಲಿ ಹಿನ್ನೆಲೆಯ ಮೇಲೆ ಮಳೆಯ ಪದರ ಇಟ್ಟು ‘ಸ್ಕ್ರೀನ್’ ಬ್ಲೆಂಡ್ ಮೋಡ್ ಹಾಕಿದರೆ ಕಪ್ಪು ಮಾಯವಾಗಿ ಗೆರೆ ಮಾತ್ರ ಉಳಿಯುತ್ತದೆ. ಹತ್ತಿರದ ಹನಿಗೆ ಉದ್ದ ಗೆರೆ, ಕಡಿಮೆ ಸಂಖ್ಯೆ. ದೂರದ್ದಕ್ಕೆ ಗಿಡ್ಡ, ಸಣ್ಣ, ಒತ್ತೊತ್ತಾಗಿ. ಮೇಲಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆದರೆ ದಾರ ಇಳಿಬಿಟ್ಟ ಹಾಗೆ ಕಾಣುತ್ತದೆ. ಬಿಳಿಚಿದ ಆಕಾಶದ ಮುಂದೆ ಗೆರೆಯೇ ಬೇಡ, ಮಳೆ ಕಾಣುವುದು ಕಪ್ಪಿಟ್ಟ ಕಾಫಿ ಗಿಡಗಳ ಮುಂದೆ. ಮಳೆಯ ಒಂದೊಂದು ಹಾಳೆ ಮಾತ್ರ ಮೂರರ ಬದಲು 2 ಫ್ರೇಮು ನಿಲ್ಲಲಿ. ಸುತ್ತು ಮುಗಿದಾಗಲೆಲ್ಲ ಹಾಳೆಗಳ ಕ್ರಮ ಬದಲಿಸಿ, ಇಲ್ಲದಿದ್ದರೆ ಅದೇ ಮಿಡಿತ ಕಣ್ಣಿಗೆ ಹೊಡೆಯುತ್ತದೆ.

ದೃಶ್ಯಕ್ಕೆ ಜೀವ ಬರುವುದು ಮಾತ್ರ ಸೂರಿನ ಹನಿಯಿಂದ. ಶ್ರಮವನ್ನೆಲ್ಲ ಇಲ್ಲಿ ಹಾಕಿ. ಸೂರು 3 ಮೀಟರ್ ಎತ್ತರದಲ್ಲಿದ್ದರೆ ಹನಿ ನೆಲ ಮುಟ್ಟಲು ಸುಮಾರು 19 ಫ್ರೇಮು ಬೇಕು. ಮೂರು ಫ್ರೇಮಿಗೊಂದರಂತೆ ಆರು ಚಿತ್ರ. ಸೂರಿನಿಂದ ಹನಿಯ ದೂರ ಕ್ರಮವಾಗಿ 8, 31, 69, 122, 191, 276 ಸೆಂ.ಮೀ. ಸಮ ಅಂತರದಲ್ಲಿ ಬಿಡಿಸಿದರೆ ಹನಿ ಬೀಳುವುದಿಲ್ಲ, ಜಾರುತ್ತದೆ. ಹೆಂಚಿನ ತುದಿಯಲ್ಲಿ ಹನಿ ಉಬ್ಬುವುದಕ್ಕೆ ಇನ್ನೂ ಮೂರು ಚಿತ್ರ ಇರಲಿ: ಚಪ್ಪಟೆ, ದುಂಡು, ಕತ್ತು ಸಣ್ಣಗಾದದ್ದು.

ಹಾಳೆ ಅಲುಗಾಡದಿರಲು ಆಫೀಸಿನ ಎರಡು ತೂತಿನ ಪಂಚ್ ಸಾಕು. ತೂತು 6 ಮಿ.ಮೀ., ನಡುವೆ 80 ಮಿ.ಮೀ. ಅದೇ ಅಳತೆಗೆ ಹಲಗೆಯ ಮೇಲೆ ಎರಡು ಮರದ ಗೂಟ ಅಂಟಿಸಿ. ಆಷಾಢದ ಥಂಡಿಗೆ ಕಾಗದ ಉಬ್ಬಿ ತೂತು ಸರಿಯುತ್ತದೆ, ಆಗ ಇಡೀ ಚಿತ್ರ ನಡುಗುತ್ತದೆ. ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಒಂದೇ ಕಟ್ಟಿನ ಕಾಗದ ಬಳಸಿ, ಎಲ್ಲವನ್ನೂ ಒಂದೇ ಬದಿಗೆ ತೂತು ಹಾಕಿ.

ಕಿಟಕಿ ಬೆಳಕಿನಲ್ಲಿ ಶೂಟ್ ಮಾಡಲೇಬೇಡಿ. ಮಂಜು ಕವಿದು ಸರಿದಾಗಲೆಲ್ಲ ಚಿತ್ರ ಮಿಣುಕುತ್ತದೆ. ಪರದೆ ಎಳೆದು, ಎರಡೂ ಬದಿಯಿಂದ ಎಲ್‌ಇಡಿ ಬಲ್ಬು ಓರೆಯಾಗಿ ಬಿಡಿ. ಮೊಬೈಲಿನಲ್ಲಿ ಫೋಕಸ್, ಎಕ್ಸ್‌ಪೋಶರ್ ಎರಡೂ ಲಾಕ್ ಇರಲಿ. ಅಡ್ಡ ಪಟ್ಟೆ ಕಂಡರೆ ಶಟರ್ ವೇಗವನ್ನು 1/50 ಸೆಕೆಂಡಿಗೆ ತನ್ನಿ, ನಮ್ಮ ಕರೆಂಟು 50 ಹರ್ಟ್ಜ್.