ಗ್ಯಾಸ್ ತುಂಬಿಸುವ ಮುಂಚೆ ಇಷ್ಟು ನೋಡಿ

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಅಂಗಡಿಯ ಕೂಲರ್, ಡೀಪ್ ಫ್ರೀಜರ್ ಕೈಕೊಡುವುದೂ ಆಗಲೇ. ಕೂಲಿಂಗ್ ಕಮ್ಮಿಯಾದ ಕೂಡಲೇ ಎಲ್ಲರೂ ಹೇಳುವುದು ಒಂದೇ, ಗ್ಯಾಸ್ ಹೋಗಿದೆ ಅಂತ. ಆದರೆ ಒಳಗೆ ತಂಪು ಮಾಡುವ ಈ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ, ಎಲ್ಲಾದರೂ ಲೀಕ್ ಆದರೆ ಮಾತ್ರ ಕಮ್ಮಿಯಾಗುತ್ತದೆ. ನಮ್ಮ ಕಡೆ ಅದಕ್ಕಿಂತ ಜಾಸ್ತಿ ಕಾಟ ಕೊಡುವುದು ಧೂಳು ಮತ್ತು ವೋಲ್ಟೇಜ್. ಎರಡನ್ನೂ ನೀವೇ ನೋಡಬಹುದು.

ಮೊದಲು ಪ್ಲಗ್ ಕಿತ್ತುಬಿಡಿ. ಕೆಳಗಿನ ಜಾಲರಿ ಬಿಚ್ಚಿ, ಟಾರ್ಚ್ ಹಾಕಿ ಕಂಡೆನ್ಸರ್ ನೋಡಿ. ಒಳಗಿನ ಬಿಸಿಯನ್ನು ಹೊರಗೆ ಬಿಡುವುದು ಇದೇ. ಸಂಡೂರು, ತೋರಣಗಲ್ಲು ಕಡೆಯ ಅಂಗಡಿಗಳಲ್ಲಿ ಅದಿರಿನ ಕೆಂಪು ಧೂಳು, ಗಂಗಾವತಿ, ಸಿಂಧನೂರಿನಲ್ಲಿ ರೈಸ್ ಮಿಲ್ಲಿನ ಹೊಟ್ಟಿನ ಪುಡಿ. ಪಕ್ಕದಲ್ಲೇ ಮಿರ್ಚಿ ಕರಿಯುವ ಬಾಣಲೆ ಇದ್ದರಂತೂ ಕೇಳುವುದೇ ಬೇಡ, ಎಣ್ಣೆ ಹೊಗೆ ಕಂಡೆನ್ಸರಿನ ತೆಳು ತಗಡಿನ ಪಟ್ಟಿ, ಅಂದರೆ ಫಿನ್‌ಗಳಿಗೆ ಅಂಟಿ, ಅದರ ಮೇಲೆ ಧೂಳು ಕೂತು, ಗಾಳಿ ಹಾಯಲು ಸಂದೇ ಇರುವುದಿಲ್ಲ. ಮೆತ್ತನೆ ಬ್ರಷ್ಷಿನಿಂದ ಫಿನ್ ಹೋಗುವ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದರೆ ಫಿನ್ ಮಡಚಿಕೊಳ್ಳುತ್ತವೆ. ಆಮೇಲೆ ಬ್ಲೋವರ್ ಹಾಕಿ. ಹಾಗೇ ಕಂಡೆನ್ಸರ್ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ, ಬಿಗಿಯಾಗಿದ್ದರೆ ಮೋಟಾರ್ ಹೋಗಿದೆ ಅಂತಲೇ ಲೆಕ್ಕ. ಹಿಂದೆ ಗೋಡೆಗೆ ಅಂಟಿಸಿ ಇಟ್ಟಿದ್ದರೆ ಸ್ವಲ್ಪ ಮುಂದೆ ಎಳೆಯಿರಿ.

ಈಗ ಕರೆಂಟು. ನಮ್ಮದು 230 ವೋಲ್ಟಿನ ಲೈನ್. ಆದರೆ ಸುಮ್ನೆ ಸಾಕೆಟ್ಟಿಗೆ ಮೀಟರ್ ಹಿಡಿದು 220 ಬಂತು, ಸರಿ ಇದೆ ಅಂದರೆ ಆಗಲಿಲ್ಲ. ಗ್ಯಾಸನ್ನು ಒತ್ತಿ ಪೈಪಿನಲ್ಲಿ ಸುತ್ತಿಸುವ ಕಂಪ್ರೆಸರ್ ಸ್ಟಾರ್ಟ್ ಆಗುವ ಗಳಿಗೆಯಲ್ಲೇ ನೋಡಬೇಕು. ಮೇನ್ ಬೋರ್ಡಿನಲ್ಲಿ ಸರಿಯಿದ್ದು ಫ್ರಿಜ್ಜಿನ ಸಾಕೆಟ್ಟಿನಲ್ಲಿ ಮಾತ್ರ 180ಕ್ಕೆ ಬಿದ್ದರೆ ತಪ್ಪು ನಿಮ್ಮ ವೈರಿಂಗಿನದು. ಸಣ್ಣ ವೈರು, ಸಡಿಲವಾದ ಪಿನ್ನು, ಇಲ್ಲವೇ ಎಕ್ಸ್‌ಟೆನ್ಶನ್ ಬಾಕ್ಸು. ಪ್ಲಗ್ ಮುಟ್ಟಿದರೆ ಬಿಸಿ ಅನ್ನಿಸುತ್ತದೆ ಅಲ್ವಾ, ಅದೇ ಗುರುತು. ಬಾಡಿ ಮುಟ್ಟಿದಾಗ ಜುಮ್ ಅಂದರೆ ತಕ್ಷಣ ಆಫ್ ಮಾಡಿ, ಅರ್ಥಿಂಗ್ ಸರಿಯಾಗುವವರೆಗೆ ಹಾಕಲೇಬೇಡಿ.

ಕಂಪ್ರೆಸರ್ ಸ್ವಲ್ಪ ಹೊತ್ತು ಗುಂಯ್ ಅಂದು, ಟಿಕ್ ಅಂತ ನಿಂತು, ಕೆಲವು ನಿಮಿಷ ಬಿಟ್ಟು ಮತ್ತೆ ಅದೇ ಮಾಡುತ್ತಿದ್ದರೆ ಓವರ್‌ಲೋಡ್ ಕಟ್ ಆಗುತ್ತಿದೆ, ಅಂದರೆ ಕಂಪ್ರೆಸರ್ ಸುಡದಂತೆ ಕಾಯುವ ಸ್ವಿಚ್ಚು ಕರೆಂಟು ತೆಗೆಯುತ್ತಿದೆ. ಕರೆಂಟು ಹೋಗಿ ತಕ್ಷಣ ಬಂದಾಗ ಇದು ಸಹಜ, ಪೈಪಿನೊಳಗಿನ ಪ್ರೆಷರ್ ಸಮ ಆಗಲು ಐದು ನಿಮಿಷ ಬೇಕು. ಅದಕ್ಕೇ ಟೈಮ್ ಡಿಲೇ ಇರುವ ಸ್ಟೆಬಿಲೈಸರ್ ಹಾಕಿ ಅನ್ನುವುದು. ಐದು ನಿಮಿಷ ಬಿಟ್ಟು ಹಾಕಿದರೂ ಅದೇ ಕಥೆಯಾದರೆ ಪ್ಲಗ್ ತೆಗೆದು, ಕಂಪ್ರೆಸರನ್ನು ಸ್ಟಾರ್ಟ್ ಮಾಡಿಸುವ ರಿಲೇ ಬಿಚ್ಚಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ ಅದರೊಳಗಿನ ಪಿಟಿಸಿ ಅನ್ನುವ ಬಿಲ್ಲೆ ಒಡೆದಿದೆ. ಕಮ್ಮಿ ಬೆಲೆಯ ಪಾರ್ಟ್ ಅದು, ಇದಕ್ಕೋಸ್ಕರ ಕಂಪ್ರೆಸರ್ ಬದಲಿಸಿದವರೂ ಇದ್ದಾರೆ. ಕರೆಂಟು ಹಿಡಿದಿಡುವ ಕೆಪಾಸಿಟರ್ ಇದ್ದರೆ ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಗೊತ್ತಿಲ್ಲದೆ ಕೈ ಹಾಕಬೇಡಿ.

ಕಂಪ್ರೆಸರ್‌ನ ಮೂರು ಪಿನ್ನಿಗೆ ಓಮ್ ಮೀಟರ್ ಹಿಡಿದರೆ ಮೂರು ರೀಡಿಂಗ್ ಸಿಗುತ್ತದೆ. ಎರಡು ಚಿಕ್ಕವನ್ನು ಕೂಡಿದರೆ ದೊಡ್ಡದು ಬರಬೇಕು. ಯಾವುದೇ ಪಿನ್ನಿನಿಂದ ಬಾಡಿಗೆ ಮೀಟರ್ ಬೀಪ್ ಅಂದರೆ ಒಳಗಿನ ತಂತಿಯ ಸುತ್ತು, ಅಂದರೆ ವೈಂಡಿಂಗ್, ಬಾಡಿಗೆ ಶಾರ್ಟ್, ಮತ್ತೆ ಆನ್ ಮಾಡಬೇಡಿ.

ಕಂಪ್ರೆಸರ್ ಚೆನ್ನಾಗಿ ಓಡುತ್ತಿದೆ, ಆದರೂ ತಣ್ಣಗಿಲ್ಲ ಅಂದರೆ ಒಳಗಿನ ಹಿಮ ನೋಡಿ. ತಣ್ಣಗೆ ಮಾಡುವ ಪೈಪಿನ ಸುರುಳಿ, ಅಂದರೆ ಕಾಯಿಲ್ ಮೇಲೆಲ್ಲ ಹಿಮ ದಪ್ಪಗೆ ಕಟ್ಟಿದ್ದರೆ ಡಿಫ್ರಾಸ್ಟ್ ಆಗುತ್ತಿಲ್ಲ (ಹಿಮ ಕರಗುತ್ತಿಲ್ಲ), ಇಲ್ಲವೇ ಒಳಗಿನ ಫ್ಯಾನ್ ನಿಂತಿದೆ, ಇಲ್ಲವೇ ಬಾಗಿಲ ರಬ್ಬರ್ ಸರಿಯಾಗಿ ಕೂರುತ್ತಿಲ್ಲ. ನೋಟೊಂದನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ಗಾಳಿ ಹೋಗುವುದು ಅಲ್ಲಿಂದಲೇ. ದಯವಿಟ್ಟು ಐಸನ್ನು ಚಾಕುವಿನಿಂದ ಕೆರೆಯಬೇಡಿ. ಅಲ್ಯೂಮಿನಿಯಂ ಪೈಪು ತೂತಾದರೆ ಅವತ್ತು ನಿಜವಾಗಿಯೂ ಗ್ಯಾಸ್ ಹೋಗುತ್ತದೆ.

ಕಾಯಿಲ್ಲಿನ ಶುರುವಿನಲ್ಲಿ ಮಾತ್ರ ಹಿಮ, ಉಳಿದದ್ದು ಒಣ, ಜಾಯಿಂಟ್ ಹತ್ತಿರ ಎಣ್ಣೆ ಜಿಡ್ಡು ಕಂಡರೆ ಲೀಕ್ ಇರಬಹುದು. ಆಗ ಮೆಕ್ಯಾನಿಕ್ ಕರೆಸಿ. ಹಿಂದಿನ ಲೇಬಲ್ಲಿನಲ್ಲಿ ಆರ್290 ಅಥವಾ ಆರ್600ಎ ಅಂತ ಬರೆದಿದ್ದರೆ ಅದು ಹೊತ್ತಿಕೊಳ್ಳುವ ಗ್ಯಾಸ್, ಒಲೆ ಆರಿಸಿ, ಕಿಟಕಿ ಬಾಗಿಲು ತೆಗೆದಿಟ್ಟು, ಅದರ ಕೆಲಸ ಕಲಿತವರಿಂದಲೇ ಮಾಡಿಸಿ. ಲೀಕ್ ಮುಚ್ಚದೆ ಮೇಲಿಂದ ಸ್ವಲ್ಪ ತುಂಬಿಸುವುದು ದುಡ್ಡು ದಂಡ. ಲೀಕ್ ಹುಡುಕಿ ಬೆಸುಗೆ ಹಾಕಬೇಕು, ಪೈಪಿನೊಳಗಿನ ತೇವ ಹೀರುವ ಡ್ರೈಯರ್ ಬದಲಿಸಬೇಕು, ಒಳಗಿನ ಗಾಳಿ ಹೊರತೆಗೆಯಲು ವ್ಯಾಕ್ಯೂಮ್ ಎಳೆಯಬೇಕು, ಆಮೇಲೆ ತೂಕ ಹಾಕಿ ಗ್ಯಾಸ್. ಎಷ್ಟು ಗ್ರಾಂ ಅಂತ ಅದೇ ಲೇಬಲ್ ಮೇಲಿರುತ್ತದೆ. ತಕ್ಕಡಿ ತರದೆ ಬಂದವರಿಗೆ ಸಿಲಿಂಡರ್ ತೆರೆಯಲು ಬಿಡಬೇಡಿ.