ಯಹೂದಿ ಹೈಸ್ಕೂಲಿನಲ್ಲಿ ನಮ್ಮ ಮಕ್ಕಳು: ಮುಂದಾಳುತನ ಅಲ್ಲಿ ಹೇಗೆ ಬೆಳೆಯುತ್ತದೆ

ಇಂಗ್ಲೆಂಡಿನಲ್ಲಿ ಮನೆ ಹತ್ತಿರದ ಒಳ್ಳೆಯ ಸರ್ಕಾರಿ ಶಾಲೆ ಯಹೂದಿಗಳದ್ದು ಎಂದು ಗೊತ್ತಾದ ಕೂಡಲೇ ನಮ್ಮವರು ಕೇಳುವ ಮೊದಲ ಮಾತು, "ನಮ್ಮನ್ನೆಲ್ಲ ಸೇರಿಸ್ಕೊಳ್ತಾರಾ?" ಸೇರಿಸಿಕೊಳ್ಳುತ್ತಾರೆ. ಸೀಟಿಗಿಂತ ಅರ್ಜಿ ಹೆಚ್ಚು ಬಂದಾಗ ಇಂಥ ಶಾಲೆಗಳು ತಮ್ಮ ಧರ್ಮದ ಮಕ್ಕಳಿಗೆ ಮೊದಲ ಆದ್ಯತೆ ಕೊಡಬಹುದು. ಆದರೆ ಸೀಟು ಉಳಿದರೆ ಬೇರೆಯವರನ್ನು ಬೇಡ ಎನ್ನುವಂತಿಲ್ಲ. ಲಂಡನ್ನಿನ ಹೆಸರಾಂತ ಯಹೂದಿ ಶಾಲೆಗಳಲ್ಲಿ ಸೀಟು ಸಿಗುವುದು ಕಷ್ಟ. ಲಿವರ್‌ಪೂಲ್‌ನ ಕಿಂಗ್ ಡೇವಿಡ್ ಹೈಸ್ಕೂಲಿನಲ್ಲಾದರೋ ಯಹೂದಿಯರಲ್ಲದ ಮಕ್ಕಳೇ ಹೆಚ್ಚು.

ನನ್ನ ಮಗಳು ಉತ್ತರ ಇಂಗ್ಲೆಂಡಿನ ಇಂಥದೊಂದು ಶಾಲೆಯಲ್ಲಿ ಐದು ವರ್ಷ ಓದಿದ್ದಾಳೆ. ಮೊದಲ ಪೇರೆಂಟ್ಸ್ ಈವನಿಂಗ್‌ನಲ್ಲಿ ಟೀಚರ್ ಅವಳ ನೋಟ್‌ಬುಕ್ ಮುಂದಿಟ್ಟು, "ಬರವಣಿಗೆ ಚೆನ್ನಾಗಿದೆ, ಉತ್ತರಗಳೂ ಸರಿ. ಆದರೆ ಇವಳು ಪ್ರಶ್ನೆಯನ್ನೇ ಕೇಳುವುದಿಲ್ಲ" ಎಂದರು. ತಲೆ ತಗ್ಗಿಸಿ ಕೂತು ಪಾಠ ಕೇಳಬೇಕು ಎಂದು ಕಲಿಸಿದವಳು ನಾನೇ. ಅದು ಅಲ್ಲಿ ಕೊರತೆಯಾಗಿ ಕಂಡಿತ್ತು.

ಪ್ರಶ್ನೆಗೆ ಅಲ್ಲಿ ಕೊಡುವ ಈ ಬೆಲೆಗೆ ಆಳವಾದ ಬೇರಿದೆ. ಈಜಿಪ್ಟಿನ ದಾಸ್ಯದಿಂದ ಯಹೂದಿಗಳು ಬಿಡುಗಡೆಯಾದುದನ್ನು ನೆನೆಯುವ ಪೆಸಾಖ್ ಹಬ್ಬದ ರಾತ್ರಿಯೂಟದಲ್ಲಿ ಮನೆಯ ಅತಿ ಚಿಕ್ಕ ಮಗು ಎದ್ದು, ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಬೇರೆ ಎಂದು ಕೇಳಬೇಕು. ಆ ಪ್ರಶ್ನೆಯಿಂದಲೇ ಹಬ್ಬದ ಕಥೆ ಶುರುವಾಗುತ್ತದೆ. ಹುಡುಗನಿಗೆ ಹದಿಮೂರು ತುಂಬಿದಾಗ ಬಾರ್ ಮಿತ್ಸ್ವಾ, ಅಂದರೆ ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದ ಆಚರಣೆ. ಅವನು ಸಭೆಯೆದುರು ಧರ್ಮಗ್ರಂಥವಾದ ತೋರಾ ಓದುತ್ತಾನೆ, ಎಷ್ಟೋ ಕಡೆ ಆ ಭಾಗದ ಬಗ್ಗೆ ತನ್ನದೇ ಮಾತೂ ಆಡುತ್ತಾನೆ. ಹುಡುಗಿಯರಿಗೆ ಹನ್ನೆರಡಕ್ಕೋ ಹದಿಮೂರಕ್ಕೋ ಬಾತ್ ಮಿತ್ಸ್ವಾ. ನಮ್ಮ ಉಪನಯನದಲ್ಲಿ ಮಂತ್ರವನ್ನು ವಟುವಿನ ಕಿವಿಯಲ್ಲಿ ಹೇಳುತ್ತೇವೆ. ಅಲ್ಲಿ ಮಗುವೇ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಬೇಕು.

ಹವ್ರೂತಾ ಎಂಬ ಪದ್ಧತಿಯನ್ನೂ ತಿಳಿದಿರಿ. ಇಬ್ಬರು ಒಂದೇ ಪಠ್ಯ ಹಿಡಿದು, ಸಾಲು ಸಾಲಿಗೂ ವಾದ ಮಾಡುತ್ತ ಓದುವುದು. ಓಪನ್ ಡೇ ದಿನ ನಾನು ಇಣುಕಿದ ತರಗತಿಯಲ್ಲಿ ಸಂತೆಯ ಗದ್ದಲ. ಯಾರೋ ಜಗಳಕ್ಕಿಳಿದಿದ್ದಾರೆ ಅಂದುಕೊಂಡೆ. ಅದೇ ಪಾಠವಾಗಿತ್ತು!

ಹೀಗೆ ಬೆಳೆದ ಮಕ್ಕಳಿಗೆ ಶಾಲೆ ಕೆಲಸ ಒಪ್ಪಿಸುತ್ತದೆ. ಹೆಸೆದ್, ಅಂದರೆ ಪ್ರತಿಫಲ ಬಯಸದ ದಯೆ, ಅಲ್ಲಿ ಮತ್ತೆ ಮತ್ತೆ ಕೇಳುವ ಪದ. ದೊಡ್ಡ ತರಗತಿಯವರು ಸಣ್ಣವರಿಗೆ ಓದಲು ನೆರವಾಗುತ್ತಾರೆ, ವೃದ್ಧಾಶ್ರಮಕ್ಕೆ ಹೋಗುತ್ತಾರೆ, ದತ್ತಿ ಸಂಗ್ರಹದ ಲೆಕ್ಕ ಇಡುತ್ತಾರೆ. ಹೆಡ್ ಗರ್ಲ್, ಪ್ರಿಫೆಕ್ಟ್ ಎಂಬ ವಿದ್ಯಾರ್ಥಿ ನಾಯಕರ ಹುದ್ದೆಗಳಿಗೆ ಅರ್ಜಿ, ಭಾಷಣ, ಸಂದರ್ಶನ ಇರಬಹುದು. ಕ್ರಮ ಶಾಲೆಯಿಂದ ಶಾಲೆಗೆ ಬೇರೆ. ಪ್ರಾರ್ಥನೆ ನಡೆಸುವುದು ಯಹೂದಿ ಮಕ್ಕಳ ಕೆಲಸ. ಉಳಿದ ಯಾವ ಜವಾಬ್ದಾರಿಗೆ ನಿಮ್ಮ ಮಗು ಅರ್ಜಿ ಹಾಕಬಹುದು ಎಂದು ಸೇರುವ ಮೊದಲೇ ಸಂಕೋಚವಿಲ್ಲದೆ ಕೇಳಿ.

ಹದಿನಾಲ್ಕು ವರ್ಷಕ್ಕೆ, ಯುವಜನರಿಗಾಗಿ ಇರುವ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿಯ ಬ್ರಾಂಜ್ ಹಂತ ಶುರು ಮಾಡಬಹುದು. ಕನಿಷ್ಠ 6 ತಿಂಗಳು. ಸೇವೆ, ವ್ಯಾಯಾಮ, ಒಂದು ಕೌಶಲ, ಕೊನೆಗೆ ಎರಡು ಹಗಲು ಒಂದು ರಾತ್ರಿಯ ಚಾರಣ. ಸೇವೆಯ ಭಾಗಕ್ಕೆ ನನ್ನ ಮಗಳು ನಮ್ಮೂರಿನ ಕನ್ನಡ ತರಗತಿಯಲ್ಲಿ ಪುಟ್ಟ ಮಕ್ಕಳಿಗೆ ಕಾಗುಣಿತ ಕಲಿಸಿದಳು. ಆ ಕೆಲಸ ಮಾಡಿದ್ದಕ್ಕೆ ಸಹಿ ಹಾಕುವವರು ಮನೆಯವರಾಗಿರಬಾರದು, ಅದೊಂದು ನೆನಪಿರಲಿ.

ಊಟದ ಡಬ್ಬಿಯ ವಿಷಯದಲ್ಲಿ ಎಚ್ಚರ. ಕೋಶರ್ ಎಂಬ ಯಹೂದಿ ಆಹಾರ ನಿಯಮವಿರುವ ಕಡೆ ಸಸ್ಯಾಹಾರ ಎಂದ ಮಾತ್ರಕ್ಕೆ ಎಲ್ಲವೂ ನಡೆಯುವುದಿಲ್ಲ. ಹುಟ್ಟುಹಬ್ಬಕ್ಕೆ ಮನೆಯಲ್ಲಿ ಮಾಡಿದ ಮೈಸೂರು ಪಾಕ್ ಹಂಚಲು ಕಳಿಸುವ ಮುನ್ನ ಆಫೀಸಿನಲ್ಲಿ ವಿಚಾರಿಸಿ. ಶುಕ್ರವಾರ ಸೂರ್ಯ ಮುಳುಗುವಾಗ ಶಬ್ಬಾತ್, ಅಂದರೆ ಕೆಲಸವನ್ನೂ ಫೋನನ್ನೂ ಮುಟ್ಟದ ವಿಶ್ರಾಂತಿಯ ದಿನ ಶುರುವಾಗುತ್ತದೆ. ಚಳಿಗಾಲದಲ್ಲಿ ಸೂರ್ಯ ನಾಲ್ಕಕ್ಕೆಲ್ಲ ಮುಳುಗುವುದರಿಂದ ಆ ದಿನ ಶಾಲೆ ಬೇಗ ಬಿಡುತ್ತದೆ. ಕೆಲಸದ ಶಿಫ್ಟ್ ಅದಕ್ಕೆ ಹೊಂದಿಸಿಕೊಳ್ಳಿ.

ಶಬ್ಬಾತೋನ್ ಎಂಬ ವಾರಾಂತ್ಯದ ಶಿಬಿರಕ್ಕೆ ಕಳಿಸಿದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಮಗುವಿನ ಫೋನ್ ಬರುವುದಿಲ್ಲ. ಆ ಇಪ್ಪತ್ತೈದು ಗಂಟೆ ನನಗೆ ಊಟ ಸೇರಿರಲಿಲ್ಲ. ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಾಣಿಸಿದ ಮೇಲೆ ಕರೆ ಬಂತು, ಅವಳ ಗಂಟಲು ಕಟ್ಟಿಹೋಗಿತ್ತು: "ಅಮ್ಮಾ, ಎಂಟು ಜನ ಚಿಕ್ಕ ಹುಡುಗೀರು ನನ್ನ ರೂಮಲ್ಲಿದ್ರು. ಒಬ್ಬಳು ಅಳ್ತಾ ಇದ್ಲು. ಮಲಗಿಸೋಕೆ ನೀನು ಹೇಳ್ತಿದ್ದ ಗೋವಿನ ಹಾಡನ್ನೇ ಹಾಡಿದೆ."