ಬೇಟೆಯ ಅವಧಿ ಮುಗಿಯುವ ಮುನ್ನ: ಬಲಿತ ಗಂಡು ಜಿಂಕೆಯನ್ನು ಬೆಳಕಿರುವಾಗಲೇ ಬಯಲಿಗೆ ಬರಮಾಡುವುದು ಹೇಗೆ?

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಇಲ್ಲಿ ಹೇಳುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ ಪರವಾನಗಿ ಪಡೆದು, ನಮ್ಮ ಮಲೆನಾಡಿನ ಕೇಪಿನ ಕೋವಿಯಂತೆ ಬಾಯಿಯಿಂದ ಮದ್ದು ತುಂಬುವ ಕೋವಿ ಹಿಡಿದು ಡಿಸೆಂಬರ್ ಕೊನೆಯ ಚಳಿಯಲ್ಲಿ ಕೂರುವವರಿಗೆ.

ಬಿಳಿಬಾಲದ ಜಿಂಕೆಗಳ ಬೆದೆ ಅಲ್ಲಿ ನವೆಂಬರ್ ನಡುವಿನಲ್ಲಿ ತಾರಕಕ್ಕೇರುತ್ತದೆ. ಹೆಣ್ಣುಗಳ ಬೆನ್ನು ಹತ್ತಿ ಮೇವು ಮರೆತ ಬಲಿತ ಗಂಡು ತನ್ನ ತೂಕದ ಸುಮಾರು ಐದನೇ ಒಂದು ಭಾಗವನ್ನೇ ಕಳೆದುಕೊಂಡಿರುತ್ತದೆ. ಈಗ ಅದಕ್ಕೆ ಬೇಕಾದದ್ದು ಹೊಟ್ಟೆಗೆ. ಗಂಡುಗಳ ಕಾದಾಟವನ್ನು ಅನುಕರಿಸಿ ಕೊಂಬು ತಾಕಿಸಿ ಸದ್ದು ಮಾಡುವುದನ್ನು ಬಿಟ್ಟು, ಕೊಯ್ಲಾಗದೆ ನಿಂತ ಸೋಯಾ ಅಥವಾ ಮೆಕ್ಕೆಜೋಳದ ತುಂಡು ಹೊಲವನ್ನು ಹುಡುಕಿರಿ. ಕಾಳು ಸುರಿದು ಕರೆಯುವುದು ಅಯೋವಾದಲ್ಲಿ ಕಾನೂನುಬಾಹಿರ. ಜಿಂಕೆಗಳು ಒಂದೇ ಕಡೆ ಮೂತಿಯಿಟ್ಟರೆ, ಅವನ್ನು ಸೊರಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗವೂ ಹರಡುತ್ತದೆ. ವಾಸನೆಯಿಂದ ಜಿಂಕೆಯನ್ನು ಸೆಳೆಯಲೆಂದು ಮಾರುವ ಜಿಂಕೆಮೂತ್ರದ ಶೀಶೆಗಳನ್ನಂತೂ ಕೊಳ್ಳಲೇಬೇಡಿ. ಇದೇ ರೋಗದ ಭಯದಿಂದ ವರ್ಜೀನಿಯಾ ರಾಜ್ಯ 2015ರಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿದೆ.

ಜಿಂಕೆ ಹಗಲು ಮಲಗುವುದು ಬಿಸಿಲು ಬೀಳುವ ದಕ್ಷಿಣದ ಇಳಿಜಾರಿನಲ್ಲಿ. ಆ ಜಾಗಕ್ಕೂ ಹೊಲಕ್ಕೂ ನಡುವೆ ಅಟ್ಟಣೆ ಕಟ್ಟಿಕೊಳ್ಳಿ.

ಬಹುಪಾಲು ಬೇಟೆ ಕೆಡುವುದು ಅಟ್ಟಣೆ ಹತ್ತುವಾಗ ಮತ್ತು ಇಳಿಯುವಾಗ. ಗಾಳಿ ನಿಮ್ಮ ವಾಸನೆಯನ್ನು ಮಲಗುವ ಜಾಗಕ್ಕಾಗಲಿ ಹೊಲಕ್ಕಾಗಲಿ ಒಯ್ಯುವ ದಿನ ಮನೆಯಲ್ಲೇ ಉಳಿಯಿರಿ. ವಾಸನೆ ಅಡಗಿಸುವ ಯಾವ ಸ್ಪ್ರೇ ಕೂಡ ಇದಕ್ಕೆ ಬದಲಿಯಲ್ಲ. ಗಾಳಿಯನ್ನು ಅರಿಯಲು ನಾನು ಎಕ್ಕದ ಕುಟುಂಬದ್ದೇ ಆದ ಮಿಲ್ಕ್‌ವೀಡ್ ಕಾಯಿಯ ಹತ್ತಿಯನ್ನು ಬಳಸುತ್ತೇನೆ. ಒಂದು ಎಳೆಯನ್ನು ತೇಲಿಬಿಟ್ಟರೆ, ಸಂಜೆ ತಣಿದ ಗಾಳಿ ಇಳಿಜಾರಿನಗುಂಟ ಕಣಿವೆಗೆ ಜಾರುವ ದಾರಿ ಕಣ್ಣಿಗೇ ಕಾಣುತ್ತದೆ. ಹೆಪ್ಪುಗಟ್ಟಿದ ಹಿಮ ಬೂಟಿನಡಿ ಕರಕರ ಎನ್ನುವುದರಿಂದ, ನಡೆಯುವ ಜಾಡಿನ ಎಲೆ, ಕಡ್ಡಿ, ಹಿಮಗಳನ್ನು ಮುಂಚಿತವಾಗಿಯೇ ಗೋರಿ ತೆಗೆದಿಡಿ, ಮತ್ತು ಮಧ್ಯಾಹ್ನ ಎರಡರೊಳಗೆ ಮೇಲೇರಿ ಕುಳಿತು ಸುರಕ್ಷಾ ಪಟ್ಟಿ ಬಿಗಿದುಕೊಳ್ಳಿ.

ಹಿಂತಿರುಗುವುದು ಇನ್ನೂ ಕಷ್ಟ. ಸೂರ್ಯಾಸ್ತದ ಅರ್ಧ ಗಂಟೆಯ ನಂತರ ಗುಂಡು ಹಾರಿಸುವಂತಿಲ್ಲ, ಆದರೆ ಆ ಹೊತ್ತಿಗೆ ಹೊಲದ ತುಂಬ ಜಿಂಕೆಗಳಿರುತ್ತವೆ. ಒಮ್ಮೆ ನಾನು ಚಳಿ ತಡೆಯಲಾರದೆ ಅವುಗಳ ಕಣ್ಣೆದುರೇ ಇಳಿದೆ. ಹೆಣ್ಣೊಂದು ಕಾಲು ಅಪ್ಪಳಿಸಿ ಬುಸುಗುಟ್ಟಿತು, ಬಾಲಗಳೆಲ್ಲ ಬೆಳ್ಳಗೆ ಎದ್ದವು, ಅವಧಿ ಮುಗಿಯುವವರೆಗೂ ಆ ಹೊಲಕ್ಕೆ ಬೆಳಕಿನಲ್ಲಿ ಒಂದೂ ಬರಲಿಲ್ಲ. ಅಂದಿನಿಂದ ಹೊಲದ ಯಜಮಾನರಿಗೆ ಮೊದಲೇ ಹೇಳಿರುತ್ತೇನೆ. ಕತ್ತಲಾದ ಮೇಲೆ ಅವರು ತಮ್ಮ ಟ್ರಕ್ಕನ್ನು ಹೊಲದಂಚಿಗೆ ಓಡಿಸಿಕೊಂಡು ಬರುತ್ತಾರೆ. ದಿನವೂ ಕಾಣುವ ಗಾಡಿಗೆ ಜಿಂಕೆಗಳು ಪಕ್ಕಕ್ಕೆ ಸರಿಯುತ್ತವೆಯೇ ಹೊರತು ಅಟ್ಟಣೆಯನ್ನು ಗುರುತಿಟ್ಟುಕೊಳ್ಳುವುದಿಲ್ಲ.

ಒಂದೇ ಅಟ್ಟಣೆಯಲ್ಲಿ ದಿನವೂ ಕೂರಬೇಡಿ. ಉಷ್ಣಾಂಶ ದಿಢೀರನೆ ಕುಸಿಯುವ ಸಂಜೆಗಾಗಿ ಕಾದಿಡಿ. ಮೊದಲು ಹೊಲಕ್ಕಿಳಿಯುವುದು ಹೆಣ್ಣುಗಳೂ ಮರಿಗಳೂ. ಬಲಿತ ಗಂಡು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಜನವರಿ ಹೊತ್ತಿಗೆ ಕೆಲವು ಗಂಡುಗಳ ಕೊಂಬು ಉದುರಿರುವುದರಿಂದ ಎದೆಯ ಆಳವನ್ನೂ ಕತ್ತಿನ ದಪ್ಪವನ್ನೂ ನೋಡಿ ಗುರುತಿಸಿ, ಅದು ಪಕ್ಕೆ ತೋರಿಸಿ ನಿಂತ ಮೇಲಷ್ಟೇ ಕೋವಿ ಎತ್ತಿ.